ಒಂದು ನೂಲು ಜಾಸ್ತಿ

ಸೊಪ್ಪಕ್ಕ ಅಡುಗೆ ಮಾಡುವಾಗ ಒಮ್ಮೆಯೂ ರುಚಿ ನೋಡಿದವಳಲ್ಲ. ಸೌಟು ಬಾಯಿಗೆ ತಾಗಿದರೆ ಪಾತ್ರೆಯೆಲ್ಲ ಎಂಜಲು ಎಂದು ತವರಿನಲ್ಲಿ ಅಜ್ಜಿ ಕಲಿಸಿದ್ದಳು. ಕಲಿಸುವಾಗ ಮರೆಯದಿರಲಿ ಎಂದು ಅದೇ ಸೌಟಿನಿಂದ ಬೆರಳ ಗೆಣ್ಣಿನ ಮೇಲೆ ಒಂದು ಬಿಟ್ಟಿದ್ದಳು. ಆ ಪೆಟ್ಟಿನ ಪಾಠ ಮದುವೆಯಾಗಿ, ಊರು ಬಿಟ್ಟು, ಕೊನೆಗೆ ಗಂಡನ ಜೊತೆ ವಿಮಾನ ಹತ್ತಿ ಈ ದೇಶಕ್ಕೂ ಬಂದಿತ್ತು. ಉಪ್ಪನ್ನು ಕೈಯಲ್ಲೇ ತೆಗೆದು ಹಾಕುವಳು, ಸಾರು ಕುದಿಯುವ ಸದ್ದಿಗೆ ಕಿವಿ ಕೊಡುವಳು, ಆವಿಯ ಮೇಲೆ ಮುಖ ಬಗ್ಗಿಸಿ ಮೂಗಿನಿಂದ ಒಮ್ಮೆ ಎಳೆದುಕೊಳ್ಳುವಳು. ಹೂಂ ಅನ್ನಿಸಿದರೆ ಒಲೆ ಆರಿಸುವಳು. ಸರಿಯಾಗಿದೆಯೋ ಕೆಟ್ಟಿದೆಯೋ ಹೇಳುವುದು ಮೊದಲು ಉಣ್ಣುವವರ ಕೆಲಸ. ಆ ಮನೆಯಲ್ಲಿ ಮೊದಲು ಉಣ್ಣುವವನು ಒಬ್ಬನೇ ಒಬ್ಬ, ಅವಳ ಗಂಡ. ಬಡಗಿ.

ಮಕ್ಕಳಾಗಲಿಲ್ಲ. ಆ ವಿಷಯ ಇಬ್ಬರೂ ಯಾವಾಗಲೋ ಮಾತಾಡಿ ಮುಗಿಸಿದ್ದರು.

ಬಡಗಿ ಉಪ್ಪನ್ನೂ ಮರದ ಲೆಕ್ಕದಲ್ಲೇ ಅಳೆಯುತ್ತಿದ್ದ. ಅವನ ಟೇಪಿನಲ್ಲಿ ಒಂದು ಅಂಗುಲಕ್ಕೆ ಎಂಟು ನೂಲು. ಬಾಗಿಲು ಚೌಕಟ್ಟಿಗೆ ಕೂರದಿದ್ದರೆ 'ಒಂದು ನೂಲು ಜಾಸ್ತಿ' ಎಂದು ತೋಪಡ ಹೊಡೆದು ಮರ ಹೆರೆಯುವ ಮನುಷ್ಯ, ಸಾರಿಗೂ ಅದನ್ನೇ ಹೇಳುತ್ತಿದ್ದ.

"ಏ ಇವಳೇ, ಉಪ್ಪು ಒಂದು ನೂಲು ಕಮ್ಮಿ."

"ಹುಳಿ ಎರಡು ನೂಲು ಜಾಸ್ತಿ ಕಣೇ ಇವತ್ತು. ಯಾರ ಮೇಲೆ ಸಿಟ್ಟು?"

ಚೆನ್ನಾಗಿದೆ ಎಂದು ಅವನು ಬಾಯಿ ಬಿಟ್ಟು ಹೇಳಿದ್ದು ಇಲ್ಲ. ತಪ್ಪು ಹೇಳದಿದ್ದರೆ ಚೆನ್ನಾಗಿದೆ ಎಂದು ಅರ್ಥ. 'ಸರಿ' ಎಂದುಬಿಟ್ಟರೆ ಅವತ್ತು ಸೊಪ್ಪಕ್ಕನಿಗೆ ಬಿರುದು ಬಾವಲಿ ಸಿಕ್ಕಿದ ಹಾಗೆ. ಹೀಗೆ ಮೂವತ್ತೊಂದು ವರ್ಷ ಅವನ ನಾಲಿಗೆಯೇ ಅವಳ ತಕ್ಕಡಿಯಾಗಿತ್ತು. ತನ್ನದೂ ಒಂದು ನಾಲಿಗೆ ಇದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು ಎಂದರೂ ನಡೆಯುತ್ತದೆ.

ಸೊಪ್ಪಕ್ಕ ಎಂಬ ಹೆಸರು ಇಟ್ಟವಳು ಕೆಳಮನೆಯ ರೇಡಿಯೊ ಅಕ್ಕ. ಆ ಐದಂತಸ್ತಿನ ಕಟ್ಟಡದಲ್ಲಿ ಕನ್ನಡ ಬರುವ ಬಾಯಿ ಅವಳದೊಂದೇ ಇದ್ದದ್ದು, ಆದರೆ ನಾಲ್ಕು ಬಾಯಿಯ ಕೆಲಸ ಅದು ಒಂದೇ ಮಾಡುತ್ತಿತ್ತು. ಅವಳು ಬಂದು ಇಪ್ಪತ್ತೈದು ವರ್ಷ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕಡೆ ಕೆಲಸ, ಇಲ್ಲಿಯ ಭಾಷೆ ನೀರು ಕುಡಿದ ಹಾಗೆ. ಮೊದಲ ವಾರ ಸೊಪ್ಪಕ್ಕನನ್ನು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದವಳು ಅವಳೇ. ಅಲ್ಲಿ ಸೊಪ್ಪೆಲ್ಲ ಪ್ಲಾಸ್ಟಿಕ್ ಚೀಲದೊಳಗೆ ಉಸಿರು ಕಟ್ಟಿ ಮಲಗಿತ್ತು. ಮೂಸಿ ನೋಡದೆ ಸೊಪ್ಪು ಕೊಳ್ಳುವುದು ಹೇಗೆ? ಸೊಪ್ಪಕ್ಕ ಒಂದು ಚೀಲಕ್ಕೆ ಬೆರಳು ತೂರಿಸಿ ತೂತು ಮಾಡಿ ಮೂಸಿದಳು. ಎರಡನೆಯದಕ್ಕೂ ತೂತು. ಮೂರನೆಯದಕ್ಕೆ ಬೆರಳು ಇಡುವಷ್ಟರಲ್ಲಿ ಅಂಗಡಿಯ ಹುಡುಗಿ ಓಡಿ ಬಂದಳು.

"ಇದು ವಾಸನೆ ನೋಡೋ ದೇಶ ಅಲ್ಲ ಕಣೇ ಸೊಪ್ಪಕ್ಕಾ, ಚೀಟಿ ಓದೋ ದೇಶ!" ಎಂದು ರೇಡಿಯೊ ಅಕ್ಕ ನಕ್ಕು ನಕ್ಕು ಸಾಕಾದಳು. ಹೆಸರು ಅಲ್ಲಿಂದ ನಿಂತುಬಿಟ್ಟಿತು.

ಚೀಟಿ ಓದಲು ಬಾರದವಳ ಪಾಡು ಹೇಳುವುದು ಬೇಡ. ಬಿಳಿ ಪುಡಿಯ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅಕ್ಕಿಹಿಟ್ಟು ಎಂದು ತೀರ್ಮಾನಿಸಿ ತಂದಳು. ರೊಟ್ಟಿ ತಟ್ಟಲು ಹೋದರೆ ಅದು ಗಂಜಿಪುಡಿ, ಕಾವಲಿಯ ಮೇಲೆ ಗೋಂದಾಗಿ ಕೂತಿತು. ಬಡಗಿ ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿ, "ಬಿಸಾಕಬೇಡ, ನಾಳೆ ಕೆಲಸಕ್ಕೆ ತಗೊಂಡು ಹೋಗ್ತೀನಿ. ಬಾಗಿಲಿಗೆ ಪ್ಲೈವುಡ್ ಅಂಟಿಸೋಕೆ ಆಗುತ್ತೆ" ಎಂದ. ಅವಳು ನಗಲಿಲ್ಲ, ಅಳು ಬಂದಿತ್ತು. ಆಮೇಲೆ ಅವನು ಅದನ್ನು ಪೂರ್ತಿ ತಿಂದ. ತಿಂದು, "ಉಪ್ಪು ಸರಿ ಇದೆ" ಎಂದ.

ನಿಧಾನವಾಗಿ ಅವಳು ದಾರಿ ಕಂಡುಕೊಂಡಳು. ಬುಧವಾರ ಬಸ್ ನಿಲ್ದಾಣದ ಹಿಂದೆ ತೆರೆದ ಸಂತೆ ಕೂಡುತ್ತಿತ್ತು. ಅಲ್ಲಿ ತರಕಾರಿ ಬರಿಮೈಯಲ್ಲಿ ಸಿಗುತ್ತಿತ್ತು. ಬೆಂಡೆಕಾಯಿಯ ತುದಿ ಮುರಿದು ನೋಡುವವಳನ್ನು ಕಂಡು ಮಾರುವವನು ಮೊದಲ ಸಲ ಕೂಗಾಡಿದ. ಆರು ತಿಂಗಳಾಗುವಷ್ಟರಲ್ಲಿ ತಾನೇ ತುದಿ ಮುರಿದು ಎಳೆಯದನ್ನು ಆರಿಸಿ ಇಡುತ್ತಿದ್ದ. ಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿಗೆ ಎರಡು ಬಸ್ ಬದಲಾಯಿಸಿ ಊರಾಚೆಯ ಅಂಗಡಿಗೆ ಹೋಗಬೇಕು. ಆ ಮೆಣಸಿನಕಾಯಿಯನ್ನು ಅವಳು ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಬಿದ್ದಷ್ಟು ಹೊತ್ತು ಒಣಗಿಸಿ, ಸಣ್ಣ ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬುತ್ತಿದ್ದಳು. ಹುರಿಯುವ ದಿನ ಮೇಲಿನ ಮನೆ, ಪಕ್ಕದ ಮನೆ ಎಲ್ಲ ಕೆಮ್ಮುತ್ತಿದ್ದವು. ಬಡಗಿಗೆ ಖಾರವೆಂದರೆ ಜೀವ. ಸಾರು ಕಲಸಿದ ಅನ್ನಕ್ಕೆ ಹಸಿಮೆಣಸಿನಕಾಯಿ ಕಚ್ಚಿಕೊಂಡು, ಮೂಗು ಒರೆಸಿಕೊಳ್ಳುತ್ತ ಉಣ್ಣುವ ಜಾತಿ ಅವನದು.

ಅವಳಿಗೂ ಕೆಲಸ ಸಿಕ್ಕಿತ್ತು. ಒಂದು ಹೋಟೆಲಿನ ಬಟ್ಟೆ ಒಗೆಯುವ ಕಡೆ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು, ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ. ಅಲ್ಲಿ ಯಾರ ಜೊತೆಗೂ ಮಾತಿಲ್ಲ, ಬರೀ ಹಬೆಯ ಬುಸ್ ಬುಸ್. ಬಡಗಿ ಬೆಳಿಗ್ಗೆ ಏಳಕ್ಕೆ ಹೊರಟುಬಿಡುವನು, ರಾತ್ರಿ ಅವಳು ಮನೆ ಸೇರುವಷ್ಟರಲ್ಲಿ ಮಲಗಿಬಿಟ್ಟಿರುವನು. ಹಾಗಾಗಿ ಗಂಡ ಹೆಂಡತಿಯ ಸಂಸಾರವೆಲ್ಲ ಬೆಳಿಗ್ಗೆ ಐದೂವರೆಯಿಂದ ಏಳರ ನಡುವೆ ನಡೆಯುತ್ತಿತ್ತು. ಅವಳು ಅನ್ನ, ಸಾರು, ಪಲ್ಯ ಮಾಡಿ ಮೂರು ಡಬ್ಬಿಯ ಕ್ಯಾರಿಯರ್ ತುಂಬುವಳು. ಅವನು ಬೂಟಿನ ದಾರ ಕಟ್ಟುತ್ತ ನಿನ್ನೆಯ ಊಟದ ತೀರ್ಪು ಹೇಳುವನು. ಪ್ರೀತಿ, ಜಗಳ, ಕುಶಲ ಎಲ್ಲ ಆ ತೀರ್ಪಿನೊಳಗೇ ಸೇರಿತ್ತು. ಆ ಒಂದೂವರೆ ಗಂಟೆಯಲ್ಲಿ ಅವಳು ಆಡುತ್ತಿದ್ದಷ್ಟು ಕನ್ನಡವನ್ನು ಉಳಿದ ದಿನವಿಡೀ ಯಾರೂ ಕೇಳುತ್ತಿರಲಿಲ್ಲ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಒಂದು ದಿನ ಬಡಗಿ ದಾರ ಕಟ್ಟುತ್ತ, "ಖಾರ ಒಂದು ನೂಲು ಜಾಸ್ತಿ ಆಗಿತ್ತು ಕಣೇ" ಎಂದ.

ಸೊಪ್ಪಕ್ಕ ತಿರುಗಿ ನೋಡಿದಳು. "ಯಾರಿಗೆ? ನಿಮಗಾ?"

"ಮತ್ತೆ ಪಕ್ಕದ ಮನೆಯವರಿಗಾ? ವಯಸ್ಸಾಯ್ತಲ್ಲ, ಹೊಟ್ಟೆ ಉರಿಯುತ್ತೆ."

ಅವಳು ಒಂದು ಮೆಣಸಿನಕಾಯಿ ಕಡಿಮೆ ಮಾಡಿದಳು. ಎರಡು ದಿನ ಬಿಟ್ಟು, "ಇನ್ನೂ ಒಂದು ನೂಲು ಇಳಿಸು" ಎಂದ. ಇಳಿಸಿದಳು. ಮುಂದಿನ ವಾರ ಹುಳಿಯೂ ಜಾಸ್ತಿಯಾಯಿತು. ಸಾರಿಗೆ ಒಂದು ಚೂರು ಬೆಲ್ಲ ಬಿದ್ದರೆ ಚೆನ್ನ ಎಂದ. ಬೆಲ್ಲ! ಸಾರಿಗೆ ಬೆಲ್ಲ ಹಾಕುವವರನ್ನು ಕಂಡರೆ 'ಪಾಯಸ ಮಾಡ್ಕೊಳ್ಳಿ ಅದರ ಬದಲು' ಎಂದು ಮೂಗು ಮುರಿಯುತ್ತಿದ್ದ ಗಂಡಸು.

"ಈ ಊರಿನ ನೀರು ಕುಡಿದು ಅವರ ನಾಲಿಗೇನೂ ಈ ಊರಿನದೇ ಆಗಿಹೋಯ್ತು ಅಕ್ಕಾ" ಎಂದು ಅವಳು ರೇಡಿಯೊ ಅಕ್ಕನ ಹತ್ತಿರ ದೂರು ಹೇಳಿದಳು.

"ಆಗ್ಲಿ ಬಿಡೇ, ಮೆಣಸಿನಕಾಯಿ ಹುರಿಯೋದು ತಪ್ಪಿತಲ್ಲ. ನಮ್ಮ ಶ್ವಾಸಕೋಶ ಉಳೀತು" ಎಂದಳು ರೇಡಿಯೊ ಅಕ್ಕ.

ಮಧ್ಯಾಹ್ನ ಕೆಲಸಕ್ಕೆ ಹೋಗುವ ಮೊದಲು ಸೊಪ್ಪಕ್ಕ ಅದೇ ಸಾರು ಬಡಿಸಿಕೊಂಡು ಕೂರುವಳು. ಸಪ್ಪೆ ಎನ್ನಿಸುವುದು. ಆದರೆ ತಪ್ಪು ತನ್ನ ನಾಲಿಗೆಯದೇ ಇರಬೇಕು ಎಂದುಕೊಂಡು ಉಪ್ಪಿನಕಾಯಿ ನೆಂಚಿಕೊಳ್ಳುವಳು. ಮೂವತ್ತೊಂದು ವರ್ಷದ ತಕ್ಕಡಿಯನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಬೇರೆ ಬದಲಾವಣೆಗಳೂ ಇದ್ದವು, ಅವಳಿಗೆ ಕಾಣಲಿಲ್ಲವೆಂದಲ್ಲ. ಕುಡಿದ ಲೋಟವನ್ನೂ ಎತ್ತಿಡದವನು ಈಗ ಕ್ಯಾರಿಯರನ್ನು ತಾನೇ ತಿಕ್ಕಿ ತೊಳೆದು ತರುತ್ತಿದ್ದ. ಪರವಾಗಿಲ್ಲ, ಗಂಡಸಿಗೆ ಐವತ್ತೆಂಟಕ್ಕಾದರೂ ಬುದ್ಧಿ ಬಂತು ಎಂದು ಅವಳು ಒಳಗೊಳಗೇ ಹಿಗ್ಗಿದಳು. ರಾತ್ರಿಗೆಂದು ಮಾಡಿಟ್ಟದ್ದು ಫ್ರಿಜ್ಜಿನಲ್ಲಿ ಹಾಗೇ ಇರುತ್ತಿತ್ತು. "ಮಧ್ಯಾಹ್ನದ್ದೇ ಕರಗಿಲ್ಲ ಕಣೇ, ಹಾಲು ಕುಡಿದು ಮಲಗಿದೆ" ಎನ್ನುತ್ತಿದ್ದ. ಭಾನುವಾರ ಕೂಡ ಕೆಲಸವಿದೆ ಎಂದು ಕ್ಯಾರಿಯರ್ ಹಿಡಿದು ಹೊರಡುತ್ತಿದ್ದ. ಬೆಲ್ಟಿಗೆ ಅವನು ತನ್ನ ಬೈರಿಗೆಯಿಂದಲೇ ಹೊಸ ತೂತು ಕೊರೆದುಕೊಂಡಿದ್ದ. ಒಂದಲ್ಲ, ಮೂರು.

"ಇಳಿದುಹೋಗ್ತಿದ್ದೀರಲ್ರೀ. ಒಂದು ಸಲ ಡಾಕ್ಟರ ಹತ್ತಿರ ಹೋಗೋಣ."

"ಹೋಗಿದ್ದೆ. ಕೊಬ್ಬು ಕರಗಿದೆ, ಒಳ್ಳೇದೇ ಅಂದ್ರು. ಊಟ ಮಾಡ್ತಿಲ್ವಾ ನಾನು? ದಿನಾ ಖಾಲಿ ಡಬ್ಬಿ ತರ್ತಿಲ್ವಾ?"

ತರುತ್ತಿದ್ದ. ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಊಟ ಮಾಡುವ ಮನುಷ್ಯನಿಗೆ ಏನೂ ಆಗುವುದಿಲ್ಲ ಎಂಬ ಒಂದು ಗಟ್ಟಿ ನಂಬಿಕೆ ಅವಳದು. ಆ ನಂಬಿಕೆಯ ಮೇಲೆ ಅವಳು ಇನ್ನಷ್ಟು ತುಪ್ಪ ಹಾಕಿದಳು, ಬೇಳೆ ಹೆಚ್ಚು ಮಾಡಿದಳು, ಎರಡು ಪಲ್ಯ ಮಾಡಿದಳು. ಸಂತೆಯಿಂದ ಹೊರಲಾರದಷ್ಟು ಹೊತ್ತು ತಂದಳು. ತೀರ್ಪು ದಿನವೂ ಬರುತ್ತಿತ್ತು. "ತುಪ್ಪ ಸರಿ. ಪಲ್ಯದ ಉಪ್ಪು ಒಂದು ನೂಲು ಕಮ್ಮಿ."

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನು ಬಂತು. ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಒಂದೇ ಸಮನೆ ಮಾತಾಡಿದರು. ಅದರ ನಡುವೆ ಗಂಡನ ಹೆಸರು ಎರಡು ಸಲ ಕೇಳಿಸಿತು. ಸೊಪ್ಪಕ್ಕ ಫೋನನ್ನು ಕೈಯಲ್ಲಿ ಹಾಗೇ ಹಿಡಿದು ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದು ರೇಡಿಯೊ ಅಕ್ಕನ ಬಾಗಿಲು ಬಡಿದಳು. ಪುಣ್ಯಕ್ಕೆ ಅವತ್ತು ಅವಳಿಗೆ ರಜೆ.

ಬಡಗಿ ಕೆಲಸದ ಕಡೆ ಕುಸಿದು ಬಿದ್ದಿದ್ದ. ಆಸ್ಪತ್ರೆಯಲ್ಲಿ ಅವನ ಮೂಗಿಗೆ ಕೊಳವೆ, ಕೈಗೆ ಕೊಳವೆ, ಮಾತಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ರೇಡಿಯೊ ಅಕ್ಕ ಕನ್ನಡ ಮಾಡಿ ಹೇಳಿದಳು. ಜನ್ಮದಲ್ಲಿ ಮೊದಲ ಬಾರಿಗೆ ಅವಳ ಧ್ವನಿ ಇಳಿದಿತ್ತು.

"ಅನ್ನನಾಳದಲ್ಲಿ ಗಡ್ಡೆಯಂತೆ ಸೊಪ್ಪಕ್ಕಾ. ಇವರಿಗೆ ಗೊತ್ತಿತ್ತಂತೆ. ಐದು ತಿಂಗಳ ಹಿಂದೇನೇ ಇಲ್ಲಿ ತೋರಿಸಿದ್ರಂತೆ. ಆಗಲೇ ಕೈ ಮೀರಿತ್ತು, ಆಪರೇಷನ್ ಆಗಲ್ಲ ಅಂದಿದ್ರಂತೆ."

"ಊಟ ಮಾಡ್ತಿದ್ರಲ್ಲ ಅಕ್ಕಾ."

ರೇಡಿಯೊ ಅಕ್ಕ ಕೇಳಿದಳು. ಡಾಕ್ಟರಮ್ಮ ತಲೆಯಾಡಿಸಿ, ಬೆರಳಿನಿಂದ ಒಂದು ಸಣ್ಣ ಸಂದು ಮಾಡಿ ತೋರಿಸಿದಳು.

"ನಾಲ್ಕು ತಿಂಗಳಿಂದ ಗಟ್ಟಿ ಪದಾರ್ಥ ಒಂದಗಳೂ ಇಳಿದಿರೋಕೆ ಸಾಧ್ಯ ಇಲ್ವಂತೆ. ನೀರು, ಹಾಲು, ಆ ಥರ ತೆಳ್ಳಗಿದ್ರೆ ಮಾತ್ರ. ರುಚಿನೂ ಗೊತ್ತಾಗ್ತಿರಲಿಲ್ಲ ಅಂತ ಇವರೇ ಅಂದಿದ್ರಂತೆ."

ಸೊಪ್ಪಕ್ಕ ಹನ್ನೊಂದು ದಿನ ಅವನ ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಅವನು ಕಣ್ಣು ಬಿಟ್ಟಾಗಲೆಲ್ಲ ಅವಳನ್ನೇ ನೋಡುತ್ತಿದ್ದ. ಏನೋ ಹೇಳಬೇಕೆಂದು ತುಟಿ ಅಲ್ಲಾಡಿಸುತ್ತಿದ್ದ. ಒಂದು ಸಲ ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ನೂಲಿನಷ್ಟು ಬಿಡಿಸಿ ತೋರಿಸಿದ. ಏನು ಜಾಸ್ತಿ, ಏನು ಕಮ್ಮಿ, ಅವಳಿಗೆ ತಿಳಿಯಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ.

ಇಲ್ಲಿ ಸತ್ತವರನ್ನು ಕಳಿಸುವುದೂ ಸಮಯ ಗೊತ್ತು ಮಾಡಿ, ಅರ್ಧ ಗಂಟೆಯಲ್ಲಿ. ಬಡಗಿಯ ಕೆಲಸದ ಕಡೆಯಿಂದ ಏಳೆಂಟು ಜನ ಬಂದು ಹಿಂದೆ ನಿಂತಿದ್ದರು. ಸೊಪ್ಪಕ್ಕ ಯಾರ ಮುಖವನ್ನೂ ನೋಡಲಿಲ್ಲ, ಅಳಲೂ ಇಲ್ಲ. ಅತ್ತರೆ ಹಗುರಾಗುತ್ತೆ ಎಂದು ರೇಡಿಯೊ ಅಕ್ಕ ಬೆನ್ನು ಸವರಿದಳು, ಅವಳು ಬೆನ್ನನ್ನು ಆಚೆ ಎಳೆದುಕೊಂಡಳು.

ಯಾಕೆಂದರೆ ಅವಳೊಳಗೆ ಕುದಿಯುತ್ತಿದ್ದದ್ದು ದುಃಖಕ್ಕಿಂತ ಮೊದಲು ಸಿಟ್ಟು. ನಾಲ್ಕು ತಿಂಗಳು ಒಂದಗಳೂ ಇಳಿದಿಲ್ಲ ಎಂದ ಮೇಲೆ ಆ ಡಬ್ಬಿಗಳು ಖಾಲಿಯಾದದ್ದು ಹೇಗೆ? ಬೆಳಗಿನ ಜಾವ ಎದ್ದು ಬೇಯಿಸಿದ ಅನ್ನ, ಎರಡು ಬಸ್ ಹತ್ತಿ ತಂದ ಬೇಳೆ, ಒಂದೊಂದೇ ಎಲೆ ನೋಡಿ ಬಿಡಿಸಿದ ಸೊಪ್ಪು, ಎಲ್ಲವನ್ನೂ ಕಸದ ತೊಟ್ಟಿಗೆ ಸುರಿದು, ಡಬ್ಬಿ ತೊಳೆದು, ಬೆಳಿಗ್ಗೆ ಕೂತು 'ಉಪ್ಪು ಒಂದು ನೂಲು ಕಮ್ಮಿ' ಎಂದು ನಾಟಕ ಆಡಿದನೇ? ಕೆಳಗೆ ಬಿದ್ದ ಅಗುಳನ್ನು ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ಅನ್ನ ಚೆಲ್ಲಿದನೇ? ಕಾಯಿಲೆ ಮುಚ್ಚಿಟ್ಟದ್ದನ್ನಾದರೂ ಅವಳು ಕ್ಷಮಿಸಿಯಾಳು. ಆದರೆ ತಾನು ಅಷ್ಟು ದಿನ ಕಸದ ತೊಟ್ಟಿಗೆ ಅಡುಗೆ ಮಾಡಿ ಹಾಕಿದೆ ಎಂಬುದು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತು, ಉಗುಳಲೂ ಆಗದು, ನುಂಗಲೂ ಆಗದು.

ಅವಳು ಒಲೆ ಹಚ್ಚುವುದನ್ನು ಬಿಟ್ಟಳು. ಅಂಗಡಿಯಿಂದ ಬ್ರೆಡ್ಡು ತಂದು ನೀರಿನ ಜೊತೆ ತಿಂದಳು. ಕಿಟಕಿಯ ಕಟ್ಟೆಯ ಮೇಲಿದ್ದ ಮೆಣಸಿನಕಾಯಿ ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ರೇಡಿಯೊ ಅಕ್ಕ ತಟ್ಟೆಯಲ್ಲಿ ಏನಾದರೂ ತಂದರೆ, "ಇಟ್ಟು ಹೋಗಿ ಅಕ್ಕಾ" ಎನ್ನುವಳು. ಮಾರನೆಯ ದಿನ ತಟ್ಟೆ ಹಾಗೇ ಇರುತ್ತಿತ್ತು.

ಮೂರು ವಾರ ಕಳೆದ ಮೇಲೆ ಅವನು ಕೆಲಸ ಮಾಡುತ್ತಿದ್ದ ಬಾಗಿಲು ಕಾರ್ಖಾನೆಯಿಂದ ರೇಡಿಯೊ ಅಕ್ಕನಿಗೆ ಕರೆ ಬಂತು. ಬಡಗಿಯ ಸಾಮಾನು ಇದೆ, ಬಂದು ತೆಗೆದುಕೊಂಡು ಹೋಗಬೇಕಂತೆ. ಸೊಪ್ಪಕ್ಕ ಒಲ್ಲೆ ಎಂದಳು. ರೇಡಿಯೊ ಅಕ್ಕ ಬಿಡಲಿಲ್ಲ.

"ಅವರ ಉಳಿ, ಸುತ್ತಿಗೆ ಬೇರೆಯವರ ಪಾಲಾಗ್ಬೇಕಾ? ಏಳು, ಸೀರೆ ಬದಲಾಯಿಸು. ನಾನು ರಜೆ ಹಾಕಿದ್ದೀನಿ, ನನ್ನ ರಜೆ ಹಾಳು ಮಾಡ್ಬೇಡ."

ಅವನು ಹತ್ತು ವರ್ಷ ದಿನವೂ ಹೋಗುತ್ತಿದ್ದ ದಾರಿಯಲ್ಲಿ ಅವಳು ಹೋದದ್ದು ಅದೇ ಮೊದಲು. ಬಸ್ಸಿಳಿದು, ಗೋದಾಮುಗಳ ಸಾಲು ದಾಟಿದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟ ಕೂಡಲೇ ಮರದ ಹೊಟ್ಟು, ಅಂಟು, ವಾರ್ನಿಶ್ ಎಲ್ಲ ಸೇರಿದ ವಾಸನೆ ಬಂತು. ಅವನ ಅಂಗಿಯ ವಾಸನೆ ಅದು. ಸೊಪ್ಪಕ್ಕನ ಕಾಲು ಅಲ್ಲೇ ನಿಂತಿತು. ಗೋಡೆಗೆ ಒರಗಿಸಿಟ್ಟ ಬಾಗಿಲುಗಳು, ಚೌಕಟ್ಟುಗಳು, ಮಧ್ಯೆ ಕಿರುಚುವ ಗರಗಸದ ಯಂತ್ರ. ಮೇಸ್ತ್ರಿ ಒಂದು ಮರದ ಪೆಟ್ಟಿಗೆ ತಂದು ಬೆಂಚಿನ ಮೇಲಿಟ್ಟು, ಎರಡು ಮಾತು ಹೇಳಿ ಹೋದ. ಪೆಟ್ಟಿಗೆಯಲ್ಲಿ ಮೂರು ಉಳಿ, ತೋಪಡ, ಟೇಪು, ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಚಪ್ಪಟೆ ಪೆನ್ಸಿಲು, ಒಂದು ಅಂಗಿ. ಅಂಗಿಯ ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾರಿಯರ್. ಆ ಮಂಗಳವಾರದ್ದು.

ಅವಳು ಬಟ್ಟೆ ಬಿಚ್ಚಿದಳು. ಡಬ್ಬಿಗಳು ಖಾಲಿ. ತಿಕ್ಕಿ ತೊಳೆದು ಫಳಫಳ ಅನ್ನುತ್ತಿದ್ದವು.

ಆ ದಿನ ಅವನು ಊಟದ ಹೊತ್ತಿಗಿಂತ ಮೊದಲೇ ಕುಸಿದು ಬಿದ್ದಿದ್ದ. ಹಾಗಾದರೆ ಇದನ್ನು ಖಾಲಿ ಮಾಡಿದವರು ಯಾರು? ತೊಳೆದವರು ಯಾರು?

ಶೆಡ್ಡಿನ ಆ ತುದಿಯಿಂದ ಒಬ್ಬ ಬಂದ. ಬಾಗಿಲುಗಳಿಗೆ ಬಣ್ಣ ಹೊಡೆಯುವವನು. ಐವತ್ತು ದಾಟಿದ ಎತ್ತರದ ಆಳು, ಹುಬ್ಬಿನವರೆಗೂ ಬಿಳಿ ಬಣ್ಣದ ಹನಿ. ಅವನೂ ಈ ದೇಶದವನಲ್ಲ, ಇನ್ನೆಲ್ಲಿಂದಲೋ ಬಂದವನು. ಟೋಪಿ ತೆಗೆದು ಎರಡು ಕೈಯಲ್ಲಿ ಹಿಡಿದು ಸೊಪ್ಪಕ್ಕನ ಮುಂದೆ ನಿಂತ. ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಒಮ್ಮೆ ಉಸಿರು ಎಳೆದುಕೊಂಡು, ಹೇಳಿದ.

"ಉಪ್ಪು ಸರಿ. ಖಾರ ಸರಿ. ಹುಳಿ ಒಂದು ನೂಲು ಜಾಸ್ತಿ."

ಕನ್ನಡದಲ್ಲಿ.

ಸೊಪ್ಪಕ್ಕ ಬೆಂಚನ್ನು ಹಿಡಿದುಕೊಂಡಳು. ಬಣ್ಣದವನು ಮುಂದೆ ಇಲ್ಲಿಯ ಭಾಷೆಯಲ್ಲೇ ಅರೆಬರೆಯಾಗಿ ಹೇಳುತ್ತ ಹೋದ, ರೇಡಿಯೊ ಅಕ್ಕ ತಡೆದು ತಡೆದು ಕನ್ನಡ ಮಾಡಿದಳು.

"ನಿನ್ನ ಗಂಡ ದಿನಾ ಊಟ ಇವರಿಗೆ ಕೊಡ್ತಿದ್ರಂತೆ ಕಣೇ. ಒಂದಗಳೂ ಚೆಲ್ಲಬಾರದು, ಪೂರ್ತಿ ತಿನ್ನಬೇಕು, ತಿಂದ ಮೇಲೆ ಹೇಗಿತ್ತು ಹೇಳಬೇಕು ಅಂತ ಕರಾರಂತೆ. ಉಪ್ಪು, ಹುಳಿ, ಖಾರ, ನೂಲು, ಈ ಪದ ಎಲ್ಲ ಅವರೇ ಕಲಿಸಿದ್ದಂತೆ. ಇವರು ಹೇಳಿದ್ದನ್ನ ಪೆನ್ಸಿಲಲ್ಲಿ ಮರದ ಚೂರಿನ ಮೇಲೆ ಬರ್ಕೊಂಡು ಜೇಬಲ್ಲಿ ಇಟ್ಕೊಳ್ತಿದ್ರಂತೆ. ಬೆಳಿಗ್ಗೆ ನಿನಗೆ ಹೇಳೋದು ಮರೀಬಾರ್ದಲ್ಲ."

ಖಾರ ಯಾಕೆ ಇಳಿಯಿತು, ಬೆಲ್ಲ ಯಾಕೆ ಬಿತ್ತು, ಈಗ ಅವಳಿಗೆ ತಿಳಿಯಿತು.

"ಭಾನುವಾರ?" ಎಂದಳು.

"ಭಾನುವಾರ ಇವರ ರೂಮಿಗೆ ಬರ್ತಿದ್ರಂತೆ. ಇವರು ಊಟ ಮಾಡೋದನ್ನ ನೋಡ್ತಾ ಕೂರ್ತಿದ್ರಂತೆ. ಆಮೇಲೆ ಅಲ್ಲೇ ಗೋಡೆಗೆ ಒರಗಿ ನಿದ್ದೆ."

"ಆ ಮಂಗಳವಾರದ್ದು..."

"ಗಾಡಿಯಲ್ಲಿ ಮಲಗಿಸುವಾಗ ಕಣ್ಣಲ್ಲೇ ಕ್ಯಾರಿಯರ್ ತೋರಿಸಿದ್ರಂತೆ. ಚೆಲ್ಲಬೇಡ ಅಂತ. ಅವತ್ತು ಅಳ್ತಾ ತಿಂದೆ ಅಂತಾರೆ. ಅವತ್ತಿನದ್ದು ನಿನಗೆ ಹೇಳೋರು ಯಾರೂ ಇರಲಿಲ್ಲ. ಅದಕ್ಕೇ ಈಗ ಹೇಳಿದ್ದು. ಮೊದಲೇ ಬರೋಣ ಅಂದ್ರೆ, ಹೇಳಲ್ಲ ಅಂತ ಮಾತು ಕೊಟ್ಟಿದ್ರಂತೆ."

ಸೊಪ್ಪಕ್ಕ ಬಣ್ಣದವನ ಮುಖ ನೋಡಿದಳು. ಚೆನ್ನಾಗಿ ತುಪ್ಪ ಬೇಳೆ ಉಂಡ ಮುಖ. ಅನ್ನ ಕಸದ ತೊಟ್ಟಿಗೆ ಬಿದ್ದಿರಲಿಲ್ಲ, ಒಬ್ಬರ ಹೊಟ್ಟೆಗೆ ಬಿದ್ದಿತ್ತು. ಅಷ್ಟು ದಿನದ ಮುಳ್ಳು ಗಂಟಲಿನಿಂದ ಕಳಚಿತು. ಕಳಚಿದ ಜಾಗದಲ್ಲಿ ಇನ್ನೊಂದು ಪ್ರಶ್ನೆ ಎದ್ದು ನಿಂತಿತು.

"ಅವರು ಏನು ತಿಂತಿದ್ರು ಅಂತ ಕೇಳಿ ಅಕ್ಕಾ."

ಬಣ್ಣದವನು ಕೆಳಗೆ ನೋಡಿದ. ನೆಲದ ಹೊಟ್ಟನ್ನು ಬೂಟಿನ ತುದಿಯಿಂದ ಸರಿಸಿದ.

"ಮೊದಮೊದಲು ಹಾಲಲ್ಲಿ ಬಿಸ್ಕತ್ತು ಕರಗಿಸಿ ಕುಡೀತಿದ್ರಂತೆ. ಆಮೇಲೆ ಬರೀ ಹಾಲು. ಕೊನೆಕೊನೆಗೆ ಬಿಸಿನೀರಿಗೆ ಸಕ್ಕರೆ."

"ನನಗೆ ಯಾಕೆ ಹೇಳಲಿಲ್ಲ?"

ರೇಡಿಯೊ ಅಕ್ಕ ಕೇಳಿದಳು, ಉತ್ತರ ಕೇಳಿಸಿಕೊಂಡಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೇಳಿದ್ರೆ ಅವಳು ಒಲೆ ಹಚ್ಚೋದು ಬಿಟ್ಟುಬಿಡ್ತಾಳೆ ಅಂದ್ರಂತೆ. ಈ ದೇಶದಲ್ಲಿ ಅವಳಿಗೆ ಇರೋದು ಒಂದು ಒಲೆ, ಒಂದು ನಾನು. ಎರಡೂ ಒಟ್ಟಿಗೆ ಆರೋದು ಬೇಡ ಅಂದ್ರಂತೆ."

ಆಗ ಸೊಪ್ಪಕ್ಕ ಅತ್ತಳು. ಮಸಣದಲ್ಲಿ ಬಾರದ ಅಳು ಆ ಶೆಡ್ಡಿನಲ್ಲಿ, ಬಾಗಿಲುಗಳ ನಡುವೆ ಬಂತು. ಯಾರೋ ಗರಗಸದ ಯಂತ್ರ ನಿಲ್ಲಿಸಿದರು. ಬೆಂಚಿಗೆ ಹಣೆ ಹಚ್ಚಿ ಅವಳು ಅವನನ್ನು ಬೈದಳು. ಎದುರಿಗಿದ್ದಾಗ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವಳಲ್ಲ.

"ಗಂಜಿ ಮಾಡಿ ಕೊಡ್ತಿದ್ನಲ್ರೀ! ತೆಳ್ಳಗೆ, ಸೋಸಿ, ಕೊಡ್ತಿದ್ನಲ್ಲ! ಯಾವನದೋ ಅಂಗಡಿ ಬಿಸ್ಕತ್ತು ತಿಂದು ಸತ್ರಲ್ಲಾ, ನಾನು ಮನೇಲಿ ಇದ್ಕೊಂಡು! ಒಂದು ಮಾತು ಹೇಳಿದ್ರೆ ಗಂಜಿ ಮಾಡಿ ಕೊಡ್ತಿದ್ನಲ್ಲ!"

ಬಣ್ಣದವನಿಗೆ ಅದು ಅರ್ಥವಾಗಲಿಲ್ಲ. ರೇಡಿಯೊ ಅಕ್ಕನೂ ಅದನ್ನು ಇಲ್ಲಿಯ ಭಾಷೆಗೆ ತಿರುಗಿಸಲಿಲ್ಲ.

ಪೆಟ್ಟಿಗೆಯನ್ನು ಅವನೇ ಹೊತ್ತು ಬಸ್ಸಿನವರೆಗೆ ತಂದುಕೊಟ್ಟ. ಕ್ಯಾರಿಯರನ್ನು ಸೊಪ್ಪಕ್ಕ ಕೈಯಿಂದ ಬಿಡಲಿಲ್ಲ. ಬಸ್ ಹತ್ತುವಾಗ ತಿರುಗಿ, "ಇನ್ನೊಂದು ದಿನ ಮನೆಗೆ ಊಟಕ್ಕೆ ಬರೋಕೆ ಹೇಳಿ ಅಕ್ಕಾ. ಇವತ್ತು ಬೇಡ" ಎಂದಳು. ಅವನು ತಲೆಯಾಡಿಸಿದ. ದಾರಿಯುದ್ದಕ್ಕೂ ರೇಡಿಯೊ ಅಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಮನೆಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಸೊಪ್ಪಕ್ಕ ಪೆಟ್ಟಿಗೆಯನ್ನು ಅವನು ಬೂಟು ಹಾಕಿಕೊಳ್ಳುತ್ತಿದ್ದ ಕುರ್ಚಿಯ ಕೆಳಗೆ ಇಟ್ಟಳು. ಅಂಗಿಯನ್ನು ಮಡಿಸಲೆಂದು ಎತ್ತಿದರೆ ಜೇಬಿನಿಂದ ಬೆರಳುದ್ದದ ಮರದ ಚೂರೊಂದು ಬಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ, ಅವನ ಓರೆಕೋರೆ ಅಕ್ಷರದಲ್ಲಿ, 'ಪಲ್ಯ ಸರಿ. ಉಪ್ಪು ೧ ಕಮ್ಮಿ' ಎಂದು ಬರೆದಿತ್ತು. ಅವಳು ಅದನ್ನು ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟಳು.

ಆಮೇಲೆ ಒಲೆ ಹಚ್ಚಿದಳು.

ಒಂದು ಹಿಡಿ ಅಕ್ಕಿ ತೊಳೆದು, ಬೇಕಾದ್ದಕ್ಕಿಂತ ಎರಡರಷ್ಟು ನೀರಿಟ್ಟು ಬೇಯಿಸಿದಳು. ಅಗುಳು ಅರಳಿ, ಒಡೆದು, ಗುರುತು ಸಿಗದಷ್ಟು ಕರಗುವವರೆಗೆ ಸೌಟಿನ ಬೆನ್ನಿನಿಂದ ಒತ್ತಿ ಮಸೆದಳು. ಸಣ್ಣ ಜರಡಿಯಲ್ಲಿ ಸೋಸಿದಳು. ಗಟ್ಟಿ ಅನ್ನಿಸಿತು, ಇನ್ನಷ್ಟು ಬಿಸಿನೀರು ಬೆರೆಸಿ ಮತ್ತೆ ಸೋಸಿದಳು. ಬೆರಳ ತುದಿಯಲ್ಲಿ ಉಪ್ಪು ತೆಗೆದು ಹಾಕಿ ಕದಡಿದಳು. ಆವಿಗೆ ಮುಖ ಬಗ್ಗಿಸಿದಳು. ಮೂಗು ಕಟ್ಟಿತ್ತು, ಏನೂ ತಿಳಿಯಲಿಲ್ಲ.

ಕೇಳಲು ಯಾರೂ ಇರಲಿಲ್ಲ. ಸೊಪ್ಪಕ್ಕ ಸೌಟನ್ನೇ ಎತ್ತಿ ತುಟಿಗೆ ಇಟ್ಟಳು. ಜನ್ಮದಲ್ಲಿ ಮೊದಲ ಸಲ ಪಾತ್ರೆ ಎಂಜಲಾಯಿತು.

ಉಪ್ಪು ಸರಿಯಾಗಿತ್ತು. ಗಂಟಲಲ್ಲಿ ಇಳಿಯುವಷ್ಟು ತೆಳ್ಳಗೂ ಇತ್ತು.